ಸಬ್‌ಮಾಡ್ಯೂಲ್ ಗುಂಪುಗಳು: ಡಬ್ಬ ಬೇಡ, ಚೀಟಿ ಸಾಕು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಕೆಲಸ, ಓಡಾಟ, ಸೋಮಾರಿತನ... ಮೂರಕ್ಕೂ ಸಮಪಾಲು :) ಈಗ ಒಂದು ವಾರ ರಜೆ ಹಾಕಿ ಊರಿಗೆ, ಅಂದರೆ ನಿಟ್ಟೆಗೆ ಬಂದಿದ್ದೇನೆ. ಹೊರಗೆ ಜಡಿಮಳೆ. ಕರೆಂಟು ಬಂದು ಹೋಗಿ ಮಾಡುತ್ತಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಏನಾದರೂ ಬರೆಯೋಣ ಅಂತ ಕೂತೆ.

ಬರೆಯೋಕೆ ಹೊರಟಿರೋದು ಸ್ವಲ್ಪ ಟೆಕ್ನಿಕಲ್ ವಿಷಯ. ಸಾಫ್ಟ್‌ವೇರ್‌ಗೆ ಸಂಬಂಧ ಇಲ್ಲದ ಗೆಳೆಯರು ದಯವಿಟ್ಟು ಎದ್ದು ಹೋಗಬೇಡಿ. ಗೇರುಬೀಜ, ಗ್ರಂಥಾಲಯ ಎಲ್ಲಾ ಬರುತ್ತೆ.

ನಿನ್ನೆ ಸಂಜೆ ಚಹಾ ಕುಡಿಯುವಾಗ ದೊಡ್ಡಮ್ಮ ಕೇಳಿದರು, "ದಿನವಿಡೀ ಆ ಪೆಟ್ಟಿಗೆ ನೋಡಿಕೊಂಡು ಕೂರ್ತಿಯಲ್ಲ, ನಿನಗೆ ಅಲ್ಲಿ ಎಂತ ಕೆಲಸ ಮಾರಾಯ?" (ಮಾತು ತುಳುವಿನಲ್ಲಿ ನಡೆದದ್ದು, ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.) ಈಗ ಎರಡು ತಿಂಗಳಿಂದ ಮಾಡ್ತಾ ಇರೋದು ಒಂದೇ ಕೆಲಸ, ದೊಡ್ಡ ಪ್ರಾಜೆಕ್ಟಿನ ತುಂಡುಗಳನ್ನು ಯಾರಿಗೆ ಯಾವುದು ಬೇಕೋ ಹಾಗೆ ಗುಂಪು ಮಾಡೋದು, ಅಂದೆ. ದೊಡ್ಡಮ್ಮ ನಕ್ಕುಬಿಟ್ಟರು. "ಅಷ್ಟೆಯಾ? ಅದನ್ನು ನಾನು ಇಪ್ಪತ್ತು ವರ್ಷ ಮಾಡಿದ್ದೇನೆ!"

ದೊಡ್ಡಮ್ಮ ಕಾರ್ಕಳದ ಕಡೆ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್ ಮಾಡ್ತಿದ್ದವರು. ಅವರ ಮಾತು ತಮಾಷೆಗೆ ಹೇಳಿದ್ದಾದರೂ ರಾತ್ರಿಯೆಲ್ಲಾ ತಲೆ ಕೊರೆಯಿತು. ಯಾಕೆಂದರೆ ಈ ಗುಂಪು ಮಾಡೋ ಕೆಲಸದಲ್ಲಿ ನಾನು ಮೊದಲ ಸಲ ಚೆನ್ನಾಗಿ ಮುಗ್ಗರಿಸಿದ್ದೇನೆ. ಅದರಿಂದ ತೊಂದರೆ ಅನುಭವಿಸಿದ್ದು ನಾನಲ್ಲ, ಇನ್ನೊಬ್ಬಳು. ಅದನ್ನು ಹೇಳಿಬಿಡ್ತೀನಿ.

ಮೊದಲು ಹಿನ್ನೆಲೆ. ನಾವು ಬರೆಯುವ ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುವ ತಂತ್ರಾಂಶಕ್ಕೆ ವರ್ಷನ್ ಕಂಟ್ರೋಲ್ ಅಂತಾರೆ. ಅದರಲ್ಲಿ ಈಗ ಎಲ್ಲೆಲ್ಲೂ ಇರೋದು ಗಿಟ್. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗೋಸ್ಕರ ಶುರು ಮಾಡಿದ್ದು. ಒಂದು ಪ್ರಾಜೆಕ್ಟಿನ ಕೋಡ್ ಮತ್ತು ಅದರ ಪೂರ್ತಿ ಇತಿಹಾಸ ಇರುವ ಜಾಗಕ್ಕೆ ರೆಪೊ ಅಂತಾರೆ. ಅದನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳೋದು ಕ್ಲೋನ್.

ಪ್ರಾಜೆಕ್ಟ್ ದೊಡ್ಡದಾದಾಗ ಒಂದು ರೆಪೊದೊಳಗೆ ಇನ್ನೊಂದು ರೆಪೊವನ್ನು ಸೇರಿಸಬೇಕಾಗುತ್ತೆ. ಅದೇ ಸಬ್‌ಮಾಡ್ಯೂಲ್. 2007ರಲ್ಲಿ ಬಂದ ಗಿಟ್ 1.5.3 ಆವೃತ್ತಿಯಿಂದ ಇದೆ. ತಾಯಿ ರೆಪೊ ಮಗುವಿನ ಕೋಡನ್ನು ತನ್ನೊಳಗೆ ಇಟ್ಟುಕೊಳ್ಳೋದಿಲ್ಲ. "ಈ ಫೋಲ್ಡರಿನಲ್ಲಿ ಇಂಥ ರೆಪೊದ ಇಂಥದೇ ಕಮಿಟ್ ಇರಬೇಕು" ಅಂತ ಒಂದು ಗುರುತು ಮಾತ್ರ ಇಟ್ಟುಕೊಳ್ಳುತ್ತೆ. ಮಗುವಿನ ವಿಳಾಸ .ಗಿಟ್‌ಮಾಡ್ಯೂಲ್ಸ್ ಅನ್ನೋ ಫೈಲಿನಲ್ಲಿರುತ್ತೆ. ಒಂದೆರಡು ಮಕ್ಕಳಿದ್ದರೆ ಸುಖ ಸಂಸಾರ. ನಮ್ಮಲ್ಲಿ ಇದ್ದದ್ದು ಅರವತ್ತು ಚಿಲ್ಲರೆ!

ಈಗ ಕಥೆ. ನಾನು ಓದಿದ್ದು ಊರಿನಲ್ಲೇ, ನಿಟ್ಟೆಯ ಮಹಾಲಿಂಗ ಅಡ್ಯಂತಾಯ ಸ್ಮಾರಕ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1986ರಲ್ಲಿ ಶುರುವಾದ ಕಾಲೇಜು. ಅದು ಇಲ್ಲದಿದ್ದರೆ ನನ್ನಂಥವರು ಇಂಜಿನಿಯರಿಂಗ್ ಓದೋಕೆ ಎಲ್ಲಿಗೆ ಹೋಗಬೇಕಿತ್ತೋ. 2019ರಲ್ಲಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ವರ್ಷ ತುಂಬುವ ಮೊದಲೇ 2020ರ ಲಾಕ್‌ಡೌನ್ ಬಂತು, ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ವಾಪಸ್. ಒಂದು ದಿನ ಹೊಸ ಪ್ರಾಜೆಕ್ಟಿಗೆ ಹಾಕಿದರು. ಮೊದಲ ಕೆಲಸ, ರೆಪೊ ಕ್ಲೋನ್ ಮಾಡಿಕೊಳ್ಳೋದು. ಕೊಟ್ಟ ಸೂಚನೆ ಒಂದೇ ಸಾಲು: ಎಲ್ಲಾ ಸಬ್‌ಮಾಡ್ಯೂಲ್ ಸಮೇತ ಇಳಿಸಿಕೋ.

ನನ್ನ ಹತ್ತಿರ ಇದ್ದದ್ದು ಮೊಬೈಲ್ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿ. ನೆಟ್‌ವರ್ಕ್ ಸಿಗೋದು ಅಂಗಳದಾಚೆ ತೆಂಗಿನ ಮರದ ಹತ್ತಿರ ಮಾತ್ರ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಸಿಗುತ್ತಲ್ಲ, ಅದಕ್ಕೆ ಹನ್ನೆರಡಕ್ಕೆ ಶುರು ಮಾಡ್ತಿದ್ದೆ. ಎರಡು ಗಂಟೆಗೆ ಎಲ್ಲೋ ಅರ್ಧದಲ್ಲಿ ನಿಂತು ಹೋಗ್ತಿತ್ತು. ಮುಖ್ಯ ರೆಪೊ ಇಳಿದಿದ್ದರೆ ಉಳಿದ ಸಬ್‌ಮಾಡ್ಯೂಲ್‌ಗಳನ್ನು ನಿಂತಲ್ಲಿಂದ ಮುಂದುವರಿಸಬಹುದು ಅಂತ ಆಗ ನನಗೆ ಗೊತ್ತಿರಲಿಲ್ಲ. ಎಲ್ಲಾ ಅಳಿಸಿ ಮತ್ತೆ ಮೊದಲಿಂದ! ನಾಲ್ಕು ರಾತ್ರಿ ಹೋಯಿತು. ಕೊನೆಗೂ ಇಳಿಯಿತು ಅನ್ನಿ. ಆಮೇಲೆ ಒಂದು ವರ್ಷ ಆ ಪ್ರಾಜೆಕ್ಟಿನಲ್ಲಿದ್ದೆ. ಅಷ್ಟೂ ದಿನದಲ್ಲಿ ನಾನು ತೆರೆದು ನೋಡಿದ ಸಬ್‌ಮಾಡ್ಯೂಲ್‌ಗಳು ಏಳೋ ಎಂಟೋ.

ಏಳು ಬೇಕಾದವನಿಗೆ ಅರವತ್ತು ಯಾಕೆ? ಆ ಪ್ರಶ್ನೆ ನನ್ನೊಳಗೇ ಉಳಿದುಬಿಟ್ಟಿತು.

2022ರಲ್ಲಿ ನನಗೇ ಅದನ್ನು ಸರಿ ಮಾಡೋ ಅವಕಾಶ ಸಿಕ್ಕಿತು. ಎರಡು ದಿನ ಕೂತು ಒಂದು ಸ್ಕ್ರಿಪ್ಟ್ ಬರೆದೆ. ನಮ್ಮಲ್ಲಿ ಟೀಮುಗಳಿಗೆ ನದಿಗಳ ಹೆಸರು. ಕಾವೇರಿ, ಶರಾವತಿ, ಕಾಳಿ... ಹೀಗೆ. ಅರವತ್ತು ಸಬ್‌ಮಾಡ್ಯೂಲ್‌ಗಳನ್ನು ಆ ಟೀಮುಗಳಿಗೆ ಹಂಚಿದೆ. ಪ್ರತಿಯೊಂದಕ್ಕೂ ಒಬ್ಬರೇ ಒಡೆಯರು. "ನಾನು ಶರಾವತಿ" ಅಂತ ಸ್ಕ್ರಿಪ್ಟಿಗೆ ಹೇಳಿದರೆ ಶರಾವತಿಯ ಒಂಬತ್ತು ಮಾತ್ರ ಇಳಿಯುತ್ತೆ. ಎಲ್ಲರೂ ಬೆನ್ನು ತಟ್ಟಿದರು. ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮರುವರ್ಷ ಕಂಪನಿಯಲ್ಲಿ ಟೀಮುಗಳನ್ನೆಲ್ಲಾ ಕಲಸಿ ಹೊಸದಾಗಿ ಮಾಡಿದರು. ಕಾವೇರಿ ಟೀಮೇ ಇಲ್ಲವಾಯಿತು. ಸ್ಕ್ರಿಪ್ಟಿನಲ್ಲಿ ಮಾತ್ರ ಕಾವೇರಿ ಹರಿಯುತ್ತಲೇ ಇದ್ದಳು. ಮನುಷ್ಯರು ಹೋದರೂ ಹೆಸರು ಉಳಿದಿತ್ತು. ಹಳಬರಿಗೆ ಯಾವುದು ಎಲ್ಲಿದೆ ಅಂತ ಗೊತ್ತಿತ್ತು, ಅವರು ಹೇಗೋ ಸಂಭಾಳಿಸಿದರು. ಬದಲಾಯಿಸಬೇಕು ಬದಲಾಯಿಸಬೇಕು ಅಂದುಕೊಂಡು ನಾನೂ ಸುಮ್ಮನಿದ್ದೆ.

2024ರಲ್ಲಿ ಒಬ್ಬಳು ಹೊಸ ಹುಡುಗಿ ಸೇರಿದಳು. ನಮ್ಮ ಕಡೆಯವಳೇ, ಮನೆಯಿಂದಲೇ ಕೆಲಸ. ಶರಾವತಿ ಟೀಮಿಗೆ ಹಾಕಿದ್ದರು. ಸ್ಕ್ರಿಪ್ಟಿಗೆ ಶರಾವತಿ ಅಂತ ಹೇಳಿದಳು, ಇಳಿಯಿತು. ಬಿಲ್ಡ್ ಮಾಡಿದರೆ ಆಗೋದಿಲ್ಲ! ಬೇಕಾದ ಒಂದು ಲೈಬ್ರರಿ ಇದ್ದದ್ದು ಕಾವೇರಿಯಲ್ಲಿ. ಇಲ್ಲದೇ ಇರೋ ಟೀಮಿನ ಹೆಸರನ್ನು ಅವಳು ಯಾಕೆ ಹುಡುಕುತ್ತಾಳೆ? ಬಂದ ಎರರ್ ಸಂದೇಶದಲ್ಲೂ ಅದರ ಸುಳಿವಿಲ್ಲ. ಅವಳು ಕಂಪೈಲರ್ ಬದಲಾಯಿಸಿದಳು, ಆಪರೇಟಿಂಗ್ ಸಿಸ್ಟಮ್ಮನ್ನೇ ಮತ್ತೆ ಹಾಕಿದಳು. ಯಾರನ್ನೂ ಕೇಳಲಿಲ್ಲ. ಹೊಸಬರು ಕೇಳೋದಿಲ್ಲ, ದಡ್ಡರು ಅಂದುಕೊಂಡಾರು ಅನ್ನೋ ಭಯ. ನನಗೂ ಇತ್ತಲ್ಲ ಆ ತೆಂಗಿನ ಮರದ ಬುಡದಲ್ಲಿ.

ಮೂರನೇ ದಿನ ಸಂಜೆ ಫೋನ್ ಮಾಡಿದಳು. "ಅಣ್ಣ, ನನಗೆ ಈ ಕೆಲಸ ಆಗ್ಲಿಕ್ಕಿಲ್ಲ ಅನಿಸ್ತದೆ. ಬಿಡುವುದಾ ಅಂತ ನೋಡ್ತಾ ಇದ್ದೇನೆ." ದನಿ ನಡುಗುತ್ತಿತ್ತು.

ಸ್ಕ್ರೀನ್ ತೋರಿಸು ಅಂದೆ. ಐದು ನಿಮಿಷದಲ್ಲಿ ಗೊತ್ತಾಯಿತು. ತಪ್ಪು ಅವಳದ್ದಲ್ಲ, ನನ್ನದು. ಒಬ್ಬಳು ಹುಷಾರಿ ಹುಡುಗಿ ಮೂರು ದಿನ ತನ್ನನ್ನು ತಾನು ದಡ್ಡಿ ಅಂದುಕೊಂಡದ್ದು ನಾನು ಎರಡು ದಿನದಲ್ಲಿ ಬರೆದ ಒಂದು ಪಟ್ಟಿಯಿಂದ. ಅದಕ್ಕೇ ಹೇಳ್ತಾ ಇದ್ದೇನೆ, ಗುಂಪು ಮಾಡೋದು ಗುಮಾಸ್ತೆ ಕೆಲಸ ಅಲ್ಲ. ಅದು ಡಿಸೈನ್.

ನಾನು ಎಲ್ಲಿ ತಪ್ಪಿದೆ? ಇಲ್ಲಿಗೆ ದೊಡ್ಡಮ್ಮನ ಗೇರುಬೀಜ ಬರುತ್ತೆ.

ಗೇರುಬೀಜದ ಗ್ರೇಡುಗಳ ಹೆಸರು ನೋಡಿದ್ದೀರಾ? ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320... ಡಬ್ಲ್ಯು ಅಂದರೆ ಇಡೀ ಬೀಜ. ಪಕ್ಕದ ಸಂಖ್ಯೆ ಒಂದು ಪೌಂಡಿಗೆ ಸುಮಾರು ಎಷ್ಟು ಬೀಜ ತೂಗುತ್ತೆ ಅನ್ನೋದು. ಸಂಖ್ಯೆ ಕಡಿಮೆ ಇದ್ದಷ್ಟೂ ಬೀಜ ದೊಡ್ಡದು. ಉದ್ದಕ್ಕೆ ಸೀಳಿದ್ದಕ್ಕೆ, ಅಡ್ಡ ಮುರಿದದ್ದಕ್ಕೆ, ದೊಡ್ಡ ತುಂಡಿಗೆ, ಸಣ್ಣ ತುಂಡಿಗೆ, ನುಚ್ಚಿಗೆ ಎಲ್ಲಕ್ಕೂ ಬೇರೆ ಬೇರೆ ಗ್ರೇಡ್. ದೊಡ್ಡಮ್ಮ ಹೇಳಿದ್ದು ಇದು: "ತುಂಡು ಅಂತ ಬಿಸಾಡುವುದಿಲ್ಲ. ಸ್ವೀಟಿನವನಿಗೆ ತುಂಡೇ ಬೇಕು. ಉಡುಗೊರೆ ಕೊಡುವವನಿಗೆ ಇಡೀದು ಬೇಕು. ಯಾರಿಗೆ ಎಂತ ಬೇಕು ಅಂತ ನೋಡಿ ಡಬ್ಬ ತುಂಬಿಸುವುದು."

ಗಮನಿಸಿ. ಯಾವ ಗ್ರೇಡಿಗೂ ಅದನ್ನು ಆರಿಸಿದವರ ಹೆಸರಿಲ್ಲ. ಯಾವ ತೋಟದ್ದು, ಯಾವ ಮೇಜಿನಲ್ಲಿ ಯಾರು ಆರಿಸಿದ್ದು ಅಂತ ಡಬ್ಬದ ಗ್ರೇಡ್ ಹೇಳೋದಿಲ್ಲ. ಹೇಳೋದು ಕೊಳ್ಳುವವನಿಗೆ ಬೇಕಾದದ್ದನ್ನು. ನಾನು ಮಾಡಿದ್ದು ಉಲ್ಟಾ. ಮಾಡುವವರ ಹೆಸರಿನಲ್ಲಿ ಗುಂಪು ಕಟ್ಟಿದೆ, ಬಳಸುವವರ ಕೆಲಸದ ಹೆಸರಿನಲ್ಲಿ ಕಟ್ಟಲಿಲ್ಲ. ಇದು ಮೊದಲನೇ ತಪ್ಪು.

ಎರಡನೇ ತಪ್ಪಿಗೆ ಮಾತ್ರ ಗೇರುಬೀಜ ಸಹಾಯ ಮಾಡೋದಿಲ್ಲ. ಒಂದು ಬೀಜ ಒಂದೇ ಡಬ್ಬಕ್ಕೆ ಹೋಗಬಹುದು. ನಾನೂ ಸಬ್‌ಮಾಡ್ಯೂಲ್‌ಗಳನ್ನು ಬೀಜದಂತೆ ಒಂದೊಂದು ಡಬ್ಬಕ್ಕೆ ಹಾಕಿದೆ. ಆದರೆ ಆ ಲೈಬ್ರರಿ ಶರಾವತಿಗೂ ಬೇಕು, ಕಾವೇರಿಗೂ ಬೇಕು, ಕಾಳಿಗೂ ಬೇಕು. ಕಂಪ್ಯೂಟರಿನಲ್ಲಿ ಅದನ್ನು ಒಂದೇ ಡಬ್ಬದಲ್ಲಿಡಬೇಕು ಅಂತ ಯಾರು ಹೇಳಿದ್ದು?

ಇದಕ್ಕೆ ಉತ್ತರ ಸಿಕ್ಕಿದ್ದು ನನ್ನ ಹಳೇ ರೂಮ್‌ಮೇಟ್‌ನಿಂದ. ಅವನು ಓದಿದ್ದು ಗ್ರಂಥಾಲಯ ವಿಜ್ಞಾನ, ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿರುವ ಡಿಆರ್‌ಟಿಸಿಯಲ್ಲಿ. ಎಸ್. ಆರ್. ರಂಗನಾಥನ್ 1962ರಲ್ಲಿ ಕಟ್ಟಿದ ಸಂಸ್ಥೆ ಅದು. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಆಮೇಲೆ ಪುಸ್ತಕ ವಿಂಗಡಿಸೋ ಶಾಸ್ತ್ರವನ್ನೇ ಬದಲಾಯಿಸಿಬಿಟ್ಟರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಈಗಲೂ ಅವರ ನೆನಪಿಗೆ ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸ್ತಾರೆ.

ಅವರಿಗಿಂತ ಮೊದಲಿನ ಪದ್ಧತಿಗಳಲ್ಲಿ ಲೋಕದ ವಿಷಯಗಳೆಲ್ಲಾ ಒಂದು ಮರ. ಕೊಂಬೆ, ಅದರ ಕೊಂಬೆ, ಅದರ ಕೊಂಬೆ. ಪುಸ್ತಕಕ್ಕೆ ಯಾವುದಾದರೂ ಒಂದು ಕೊಂಬೆ ಹುಡುಕಬೇಕು. ಕರಾವಳಿಯಲ್ಲಿ 19ನೇ ಶತಮಾನದ ಯಕ್ಷಗಾನದ ವೇಷಭೂಷಣದ ಬಗ್ಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಅದು ಕಲೆಯ ಕೊಂಬೆಯಾ, ಬಟ್ಟೆಯ ಕೊಂಬೆಯಾ, ಕರಾವಳಿಯ ಕೊಂಬೆಯಾ, ಇತಿಹಾಸದ್ದಾ? ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿಯಲ್ಲಿ ಹಾಗೆ ಒಂದೇ ಕೊಂಬೆ ಹುಡುಕೋದಿಲ್ಲ. ವಿಷಯವನ್ನು ಮುಖಗಳಾಗಿ ಬಿಡಿಸ್ತಾರೆ. ಏನು, ಯಾವ ವಸ್ತು, ಯಾವ ಕ್ರಿಯೆ, ಎಲ್ಲಿ, ಯಾವಾಗ. ಆಮೇಲೆ ಅವನ್ನು ಜೋಡಿಸ್ತಾರೆ. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಅನ್ನೋ ಜೋಡಿಸೋ ಆಟಿಕೆ ನೋಡಿ ಈ ಐಡಿಯಾ ಬಂತಂತೆ.

"ಪುಸ್ತಕ ನಿಲ್ಲೋದು ಒಂದೇ ಕಪಾಟಿನಲ್ಲಿ ಮಾರಾಯ," ಅಂದ ರೂಮ್‌ಮೇಟ್. "ಆದರೆ ಕ್ಯಾಟಲಾಗಿನಲ್ಲಿ ಅದಕ್ಕೆ ಎಷ್ಟು ಬೇಕಾದರೂ ಚೀಟಿ ಬರೀಬಹುದು. ನೀನು ಕಪಾಟನ್ನೇ ಕ್ಯಾಟಲಾಗ್ ಅಂದುಕೊಂಡೆ."

ಅಬ್ಬಾ! ಅಷ್ಟೇ ವಿಷಯ. ಸಬ್‌ಮಾಡ್ಯೂಲ್ ಕೂರುವ ಫೋಲ್ಡರ್ ಅದರ ಕಪಾಟು. ಗುಂಪು ಅನ್ನೋದು ಚೀಟಿ. ಒಂದಕ್ಕೆ ಹತ್ತು ಚೀಟಿ ಇದ್ದರೆ ಯಾರಪ್ಪನ ಗಂಟು ಹೋಗುತ್ತೆ?

ಹಾಗಾದರೆ ಗಿಟ್‌ನವರು ಇದನ್ನು ಯೋಚಿಸಿಲ್ಲವಾ? ಯೋಚಿಸಿದ್ದಾರೆ. 2015-16ರಲ್ಲಿ ಸ್ಟೀಫನ್ ಬೆಲ್ಲರ್ ಅನ್ನುವ ಅಭಿವೃದ್ಧಿಗಾರರು ಸಬ್‌ಮಾಡ್ಯೂಲ್‌ಗಳಿಗೆ ಗುಂಪಿನ ಹೆಸರು ಕೊಟ್ಟು, ಕ್ಲೋನ್ ಮಾಡುವಾಗ ಗುಂಪನ್ನು ಆರಿಸುವ ಪ್ರಸ್ತಾಪ ಇಟ್ಟಿದ್ದರು. ಅದು ಆ ರೂಪದಲ್ಲಿ ಗಿಟ್ ಒಳಗೆ ಬರಲಿಲ್ಲ. ಅದರ ಬದಲು 2017ರ ಗಿಟ್ 2.13ರಲ್ಲಿ ಸಬ್‌ಮಾಡ್ಯೂಲ್.ಆಕ್ಟಿವ್ ಅನ್ನೋ ಸೆಟ್ಟಿಂಗ್ ಬಂತು. "ಇಂಥ ಫೋಲ್ಡರಿನ ಕೆಳಗಿರೋದು ಬೇಕು, ಇಂಥದ್ದು ಬೇಡ" ಅಂತ ಹೇಳಬಹುದು. ಕ್ಲೋನ್ ಮಾಡುವಾಗಲೇ ಫೋಲ್ಡರಿನ ಹೆಸರು ಕೊಡಬಹುದು.

ಇದರಲ್ಲಿ ಒಂದು ಒಳ್ಳೇ ಗುಣ ಇದೆ. ಆಯ್ಕೆ ಇರೋದು ನನ್ನ ಕಂಪ್ಯೂಟರಿನ ಕಾನ್ಫಿಗ್ ಫೈಲಿನಲ್ಲಿ, ಪ್ರಾಜೆಕ್ಟಿನ ಜತೆ ಎಲ್ಲರಿಗೂ ಹಂಚಿಹೋಗುವ .ಗಿಟ್‌ಮಾಡ್ಯೂಲ್ಸ್ ಫೈಲಿನಲ್ಲಿ ಅಲ್ಲ. ಬೇರೆಯವರ ಫೈಲು ನನ್ನ ಯಂತ್ರದಲ್ಲಿ ಏನು ಆಗಬೇಕು ಅಂತ ನಿರ್ಧರಿಸೋದು ಅಪಾಯ. 2018ರಲ್ಲಿ .ಗಿಟ್‌ಮಾಡ್ಯೂಲ್ಸ್‌ನಲ್ಲಿ ಕುತಂತ್ರದ ವಿಳಾಸ ಬರೆದು, ಕ್ಲೋನ್ ಮಾಡಿದವರ ಯಂತ್ರದಲ್ಲಿ ಕಮಾಂಡ್ ಓಡಿಸಬಹುದಾದ ದೋಷವೇ ಸಿಕ್ಕಿತ್ತು. 2.19.1ರಲ್ಲಿ ಸರಿ ಮಾಡಿದರು. ಹಾಗಾಗಿ ಅವರ ಎಚ್ಚರಿಕೆ ನನಗೆ ಅರ್ಥ ಆಗುತ್ತೆ.

ಕೊರತೆ ಏನು ಅಂದರೆ, ಫೋಲ್ಡರಿನ ಹಾದಿಯಿಂದ ಆರಿಸೋದು ಅಂದರೆ ಮತ್ತೆ ಕಪಾಟೇ. ಲೈಬ್ರರಿಗಳೆಲ್ಲಾ ಒಂದು ಫೋಲ್ಡರಿನಲ್ಲಿ, ಆಪ್‌ಗಳೆಲ್ಲಾ ಇನ್ನೊಂದರಲ್ಲಿ ಇದ್ದರೆ, "ಈ ಆಪ್ ಮತ್ತು ಅದಕ್ಕೆ ಬೇಕಾದ ಮೂರು ಲೈಬ್ರರಿ" ಅನ್ನೋದನ್ನು ಹೇಳೋಕೆ ನಾಲ್ಕೂ ಹಾದಿ ಗೊತ್ತಿರಬೇಕು. ಹೊಸಬರಿಗೆ ಗೊತ್ತಿಲ್ಲದೇ ಇರೋದೇ ಅದು!

ಆಂಡ್ರಾಯ್ಡ್‌ನವರು ಬೇರೆ ದಾರಿ ಹಿಡಿದರು. ಅವರ ರೆಪೊ ಅನ್ನೋ ಸಾಧನ (ಹೆಸರೇ ರೆಪೊ, ಗೊಂದಲ ಬೇಡ) ಸಬ್‌ಮಾಡ್ಯೂಲ್ ಬಳಸೋದಿಲ್ಲ, ಮ್ಯಾನಿಫೆಸ್ಟ್ ಅನ್ನೋ ಒಂದು ಪಟ್ಟಿ ಇಟ್ಟುಕೊಳ್ಳುತ್ತೆ. ಅದರಲ್ಲಿ ಪ್ರತಿ ಪ್ರಾಜೆಕ್ಟಿಗೂ ಎಷ್ಟು ಗುಂಪಿನ ಹೆಸರನ್ನಾದರೂ ಬರೆಯಬಹುದು. ಕೇಳದ ಹೊರತು ಇಳಿಸಬೇಡ ಅಂತ ಗುರುತು ಹಾಕೋಕೂ ಒಂದು ಹೆಸರಿದೆ. ಅಂದರೆ ಚೀಟಿ ಅಂಟಿಸೋದು ಆಗದ ಹೋಗದ ಕೆಲಸ ಏನಲ್ಲ.

ನಮಗೆಲ್ಲಾ ಹತ್ತಿರದ ಉದಾಹರಣೆ ಬೇಕಾ? ಕನ್ನಡ ವಿಕಿಪೀಡಿಯ, ತುಳು ವಿಕಿಪೀಡಿಯ ಎರಡೂ ಓಡೋದು ಮೀಡಿಯಾವಿಕಿ ತಂತ್ರಾಂಶದಲ್ಲಿ. ಅದರ ಎಕ್ಸ್‌ಟೆನ್ಶನ್‌ಗಳನ್ನೆಲ್ಲಾ ಸಬ್‌ಮಾಡ್ಯೂಲ್ ಆಗಿ ಸೇರಿಸಿದ ಒಂದು ರೆಪೊ ಇದೆ. ನೂರಾರು ಎಕ್ಸ್‌ಟೆನ್ಶನ್! ಕನ್ನಡ ಟೈಪಿಂಗ್‌ನಲ್ಲಿ ಏನೋ ಸಣ್ಣ ತೊಂದರೆ ಸರಿ ಮಾಡಬೇಕು ಅಂತ ಒಬ್ಬ ವಿದ್ಯಾರ್ಥಿ ಬಂದ ಅಂದುಕೊಳ್ಳಿ. ಅವನು ನೋಡಬೇಕಾದ್ದು ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಅನ್ನೋ ಎಕ್ಸ್‌ಟೆನ್ಶನ್. ಗೊತ್ತಿದ್ದವನು ಅದೊಂದನ್ನೇ ಇಳಿಸಿಕೊಳ್ಳಬಹುದು, ಅಡ್ಡಿ ಇಲ್ಲ. ಆದರೆ ಆ ಉದ್ದದ ಹೆಸರು ಅವನಿಗೆ ಹೇಗೆ ಗೊತ್ತಾಗಬೇಕು? "ಟೈಪಿಂಗ್" ಅಂತಲೋ "ಭಾಷೆ" ಅಂತಲೋ ಒಂದು ಚೀಟಿ ಇದ್ದರೆ ಅವನು ಮೊದಲ ದಿನವೇ ಕೆಲಸ ಶುರು ಮಾಡ್ತಾನೆ.

ಸರಿ, ಹಾಗಾದರೆ ನನ್ನ ಪ್ರಕಾರ ಗುಂಪುಗಳನ್ನು ಹೇಗೆ ಡಿಸೈನ್ ಮಾಡಬೇಕು? ಪೆಟ್ಟು ತಿಂದು ಕಲಿತದ್ದು ಇಷ್ಟು.

1. ಚೀಟಿ ಬರೆಯೋದು ಪ್ರಾಜೆಕ್ಟ್, ಆರಿಸೋದು ಬಳಸುವವರು. ಯಾವುದು ಯಾವ ಗುಂಪಿಗೆ ಸೇರುತ್ತೆ ಅನ್ನೋದು .ಗಿಟ್‌ಮಾಡ್ಯೂಲ್ಸ್‌ನಲ್ಲೇ ಇರಲಿ. ಅದು ಎಲ್ಲರಿಗೂ ಒಂದೇ, ಇತಿಹಾಸದ ಜತೆಗೇ ಬೆಳೆಯುತ್ತೆ. "ನನಗೆ ಈ ಗುಂಪು ಬೇಕು" ಅನ್ನೋದು ಮಾತ್ರ ನನ್ನ ಯಂತ್ರದಲ್ಲಿರಲಿ.

2. ಗುಂಪಿನ ಹೆಸರು ಕೆಲಸದ ಹೆಸರಾಗಿರಲಿ. "ಬಿಲ್ಲಿಂಗ್ ಆಪ್", "ದಾಖಲೆ ಬರೆಯೋಕೆ", "ಟೆಸ್ಟಿಂಗ್". ಟೀಮು ಬದಲಾಗುತ್ತೆ, ಬಾಸ್ ಬದಲಾಗ್ತಾನೆ, ಕಂಪನಿಯೇ ಮಾರಾಟ ಆಗಬಹುದು. ಬಿಲ್ ಹಾಕೋ ಕೆಲಸ ಮಾತ್ರ ಇದ್ದೇ ಇರುತ್ತೆ :)

3. ನೆನಪಿಡಬೇಕಾದ್ದು ಗುಂಪಿನ ಹೆಸರನ್ನು, ಅದರ ಇವತ್ತಿನ ಪಟ್ಟಿಯನ್ನಲ್ಲ. ನಾಳೆ ಆ ಗುಂಪಿಗೆ ಹೊಸ ಸಬ್‌ಮಾಡ್ಯೂಲ್ ಸೇರಿದರೆ ಅದು ತಾನಾಗಿ ಬರಬೇಕು. ಪಟ್ಟಿ ಇಟ್ಟುಕೊಂಡರೆ ಅದು ಬರೆದ ದಿನವೇ ಹಳತಾಗೋಕೆ ಶುರು.

4. ಗುಂಪಿನಿಂದ ಏನಾದರೂ ಹೊರಗೆ ಹೋದರೆ, ಸದ್ದಿಲ್ಲದೆ ಅಳಿಸಬೇಡಿ. ಅದರಲ್ಲಿ ಯಾರದೋ ಅರ್ಧ ಮಾಡಿದ ಕೆಲಸ ಇರಬಹುದು. ಗಿಟ್ ಕೂಡ ಸಬ್‌ಮಾಡ್ಯೂಲ್ ತೆಗೆಯುವಾಗ ಅದರಲ್ಲಿ ಉಳಿಸದ ಬದಲಾವಣೆ ಇದ್ದರೆ ಒತ್ತಾಯ ಮಾಡದ ಹೊರತು ತೆಗೆಯೋದಿಲ್ಲ. ಒಳ್ಳೇ ಬುದ್ಧಿ ಅದು.

5. ಪ್ರತಿ ಗುಂಪೂ ತನ್ನ ಕಾಲ ಮೇಲೆ ನಿಲ್ಲುತ್ತಾ ಅಂತ ದಿನಾ ಪರೀಕ್ಷಿಸಿ. ರಾತ್ರಿ ಒಂದು ಖಾಲಿ ಯಂತ್ರದಲ್ಲಿ ಆ ಗುಂಪನ್ನು ಮಾತ್ರ ಇಳಿಸಿ ಬಿಲ್ಡ್ ಮಾಡಿ ನೋಡಬೇಕು. ಆಗದಿದ್ದರೆ ಗುಂಪಿನಲ್ಲೇ ತಪ್ಪಿದೆ. ಇದೊಂದನ್ನು ನಾನು 2022ರಲ್ಲಿ ಮಾಡಿದ್ದರೆ ಆ ಫೋನ್ ಬರುತ್ತಿರಲಿಲ್ಲ.

6. ಏನೂ ಹೇಳದವರಿಗೆ ಏನು ಸಿಗಬೇಕು? ಎಲ್ಲವೂ ಅಲ್ಲ, ಏನೂ ಇಲ್ಲದ್ದೂ ಅಲ್ಲ. "ಶುರುವಿಗೆ" ಅನ್ನೋ ಒಂದು ಸಣ್ಣ ಗುಂಪು. ಏನು ಕೇಳಬೇಕು ಅಂತಲೇ ಗೊತ್ತಿಲ್ಲದವರು ಹೊಸಬರು. ಡೀಫಾಲ್ಟ್ ಇರೋದೇ ಅವರಿಗಾಗಿ.

ಇದನ್ನು ಇವತ್ತೇ ಮಾಡಬಹುದು, ಗಿಟ್ ಬದಲಾಗೋವರೆಗೆ ಕಾಯಬೇಕಿಲ್ಲ. .ಗಿಟ್‌ಮಾಡ್ಯೂಲ್ಸ್‌ನಲ್ಲಿ ತನಗೆ ಗೊತ್ತಿಲ್ಲದ ಸಾಲು ಇದ್ದರೆ ಗಿಟ್ ಅದನ್ನು ತನ್ನ ಪಾಡಿಗೆ ಬಿಡುತ್ತೆ. ಹಾಗಾಗಿ ಅಲ್ಲೇ ಗುಂಪಿನ ಸಾಲುಗಳನ್ನು ಬರೆಯಬಹುದು, ಒಂದಕ್ಕೆ ಎಷ್ಟು ಬೇಕಾದರೂ. ಒಂದು ಸಣ್ಣ ಸ್ಕ್ರಿಪ್ಟ್ ಅದನ್ನು ಓದಿ, ಬೇಕಾದ ಸಬ್‌ಮಾಡ್ಯೂಲ್‌ಗಳನ್ನು ನಮ್ಮ ಕಾನ್ಫಿಗ್‌ನಲ್ಲಿ ಆಕ್ಟಿವ್ ಅಂತ ಗುರುತಿಸಿದರಾಯಿತು. ಪ್ರತಿ ಸಲ ಪುಲ್ ಮಾಡಿದ ಮೇಲೂ ಅದೇ ಸ್ಕ್ರಿಪ್ಟ್ ಓಡಬೇಕು. ನಾನು ಎರಡು ತಿಂಗಳಿಂದ ಮಾಡ್ತಾ ಇರೋದು ಇದನ್ನೇ. ಸ್ಕ್ರಿಪ್ಟ್ ಬರೆಯೋಕೆ ಹಿಡಿದದ್ದು ಒಂದು ದಿನ. ಉಳಿದ ದಿನವೆಲ್ಲಾ ಹೋದದ್ದು ಒಬ್ಬೊಬ್ಬರ ಹತ್ತಿರ ಕೂತು "ನಿಮಗೆ ದಿನಾ ಬೇಕಾಗೋದು ಯಾವುದು?" ಅಂತ ಕೇಳೋದರಲ್ಲಿ.

ಇದಕ್ಕೆ ಬರುವ ತಕರಾರುಗಳೂ ಗೊತ್ತು. "ಎಲ್ಲವನ್ನೂ ಒಂದೇ ದೊಡ್ಡ ರೆಪೊದಲ್ಲಿ ಹಾಕಿ, ಈಗ ಸ್ಪಾರ್ಸ್ ಚೆಕ್‌ಔಟ್ ಇದೆಯಲ್ಲ" ಅಂತ ಆಫೀಸಿನ ಒಬ್ಬರು ವಾದಿಸಿದರು. ನಿಜ. 2020ರ ಜನವರಿಯ ಗಿಟ್ 2.25ರಿಂದ ಅದಕ್ಕೆ ಒಳ್ಳೇ ಕಮಾಂಡೇ ಇದೆ, ಬೇಕಾದ ಫೋಲ್ಡರ್ ಮಾತ್ರ ತೆರೆದುಕೊಳ್ಳಬಹುದು. ಕೋಡೆಲ್ಲಾ ನಿಮ್ಮದೇ ಆಗಿದ್ದರೆ ಖಂಡಿತಾ ಹಾಗೆ ಮಾಡಿ. ಆದರೆ ನಮ್ಮ ಅರವತ್ತರಲ್ಲಿ ಎಷ್ಟೋ ಹೊರಗಿನವರ ಓಪನ್ ಸೋರ್ಸ್ ಕೋಡ್. ಕೆಲವನ್ನು ಎಲ್ಲರೂ ನೋಡುವಂತಿಲ್ಲ. ಅಲ್ಲದೆ ಸ್ಪಾರ್ಸ್ ಚೆಕ್‌ಔಟ್‌ನಲ್ಲೂ ಯಾವ ಫೋಲ್ಡರ್ ಬೇಕು ಅಂತ ಯಾರೋ ಹೇಳಲೇಬೇಕಲ್ಲ? ಪ್ರಶ್ನೆ ಜಾಗ ಬದಲಾಯಿಸಿತು, ಅಷ್ಟೆ.

"ಈಗ ಎಲ್ಲರ ಮನೆಗೂ ಫೈಬರ್ ಬಂದಿದೆ, ಎಲ್ಲಾ ಇಳಿಸಿಕೊಂಡರೆ ಏನು ನಷ್ಟ?" ಇದು ಇನ್ನೊಂದು. ಬಂದಿರಬಹುದು. ಆದರೆ ನಿನ್ನೆಯಿಂದ ನಮ್ಮ ಮನೆಯಲ್ಲಿ ಇಲ್ಲ, ಮಳೆಗೆ ಎಲ್ಲೋ ಮರ ಬಿದ್ದು ಕೇಬಲ್ ಕಡಿದಿದೆ :) ಅದಿರಲಿ. ವೇಗ ಇದ್ದರೂ, ಅರವತ್ತು ಫೋಲ್ಡರ್ ಎದುರಿಗೆ ಹರಡಿದಾಗ ಹೊಸಬರಿಗೆ ಎಲ್ಲಿಂದ ಶುರು ಮಾಡೋದು ಅನ್ನೋ ಗಾಬರಿ ಕಡಿಮೆ ಆಗೋದಿಲ್ಲ. ಗುಂಪು ಉಳಿಸೋದು ಡೇಟಾ ಮಾತ್ರ ಅಲ್ಲ, ಮನುಷ್ಯರ ಹೊತ್ತನ್ನು. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸೋದರ ಬಗ್ಗೆಯೇ. ಇನ್ನೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

ಅಂದ ಹಾಗೆ, ಆ ಹುಡುಗಿ ಕೆಲಸ ಬಿಡಲಿಲ್ಲ. ಹೊಸ ಗುಂಪುಗಳ ಹೆಸರಿನ ಮೊದಲ ಪಟ್ಟಿಯನ್ನು ಅವಳ ಕೈಯಲ್ಲೇ ಮಾಡಿಸಿದೆ. ಯಾವ ಹೆಸರು ಅರ್ಥ ಆಗೋದಿಲ್ಲ ಅಂತ ನಮ್ಮ ಪೈಕಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ನಾನು ಬರೆದಿದ್ದ ಮೂರು ಹೆಸರನ್ನು ಹೊಡೆದು ಹಾಕಿ, "ಅಣ್ಣ, ಇದು ನಿಮಗೆ ಮಾತ್ರ ಗೊತ್ತಾಗುವುದು" ಅಂತ ಬರೆದು ಕಳಿಸಿದಳು. ಸರಿಯಾಗೇ ಇತ್ತು, ಬದಲಾಯಿಸಿದೆ.

ನಿಮ್ಮಲ್ಲಿ ಅನೇಕರು ಇದೇ ಕ್ಷೇತ್ರದವರು. ನಿಮ್ಮ ಆಫೀಸಿನಲ್ಲಿ ಹೇಗೆ ಮಾಡಿದ್ದೀರಿ? ಮರದ ಥರವಾ, ಚೀಟಿಯ ಥರವಾ? ಅಥವಾ "ಎಲ್ಲಾ ಇಳಿಸಿಕೋ ಹೋಗು" ಅಂತಲಾ? ಹೇಳಿ. ಒಂದು ವಿನಂತಿ ಮಾತ್ರ. ನಾಳೆ ಆಫೀಸಿಗೆ ಹೋದಾಗ, ಈಚೆಗೆ ಸೇರಿದವರ ಹತ್ತಿರ ಹೋಗಿ, ಮೊದಲ ಬಿಲ್ಡ್ ಆಗೋಕೆ ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಅವರು ತಮ್ಮದೇ ತಪ್ಪು ಅನ್ನೋ ಥರ ನಾಚಿಕೊಂಡು ಉತ್ತರ ಕೊಟ್ಟರೆ, ನಿಮ್ಮ ಗುಂಪುಗಳನ್ನು ಒಮ್ಮೆ ನೋಡಿಕೊಳ್ಳಿ.

ಬ್ಯಾಟರಿ ಕೆಂಪಗಾಗಿದೆ. ದೊಡ್ಡಮ್ಮ ಊಟಕ್ಕೆ ಕರೀತಾ ಇದ್ದಾರೆ. ಮತ್ತೆ ಸಿಗೋಣ.